ದ್ರಾವಿಡ್ ಕಾರ್ಡ್ ಯಾವ ಅಂಗಡೀಲಿ ಸಿಗುತ್ತೆ?

ಟ್ರಂಪ್ ಕಾರ್ಡ್ ಆಡಿ ಬೆಳೆದವರು ಈಗ ಸಂಬಳದ ದುಡ್ಡಲ್ಲಿ ಕ್ರಿಕೆಟ್ ಕಾರ್ಡ್ ಕೂಡಿಡ್ತಿದ್ದಾರೆ. ಫೋನಿನಲ್ಲಿ ಸಿಗೋ ಹತ್ತಾರು ಮೂಲಗಳಲ್ಲಿ ಯಾವುದು ಯಾತಕ್ಕೆ ಸರಿ? ಶಾಗ್ಯದಂಥ ಊರಿನ ವಿಳಾಸಕ್ಕೆ ತರಿಸುವಾಗ ಏನೇನು ನೋಡ್ಕೋಬೇಕು?

ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿದವರಿಗೆ ಗೊತ್ತಿರುತ್ತೆ. ಯಾರೂ ದೂರದಿಂದ ನೋಡಿ ಬೆಲೆ ಕೂಗಲ್ಲ. ಗೂಡನ್ನ ಕೈಗೆ ತಗೊಂಡು ಒತ್ತಿ ನೋಡ್ತಾರೆ, ಕಿವಿ ಹತ್ರ ಹಿಡಿದು ಅಲುಗಾಡಿಸ್ತಾರೆ, ಆಮೇಲೆ ಮಾತು. ಅದೇ ಮನೆಯ ಮಕ್ಕಳು ನಾವು, ಮೂರು ಸಾವಿರ ರೂಪಾಯಿಯ ಕ್ರಿಕೆಟ್ ಕಾರ್ಡನ್ನ ಒಂದು ಮಸುಕು ಫೋಟೊ ನೋಡಿ, ರಾತ್ರಿ ಹನ್ನೊಂದು ಗಂಟೆಗೆ, ಹೆಬ್ಬೆರಳಲ್ಲಿ ಒತ್ತಿ ಕೊಂಡುಬಿಡ್ತೀವಿ.

ಕಾರ್ಡ್ ಕೂಡಿಡುವುದು ಹೊಸ ಹುಚ್ಚೇನಲ್ಲ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ ಸಿಗರೇಟ್ ಪ್ಯಾಕಿನೊಳಗೆ 50 ಕ್ರಿಕೆಟಿಗರ ಚಿತ್ರಗಳ ಸೆಟ್ ಇಟ್ಟು ಮಾರಿತ್ತು. ನಮ್ಮ ಕಡೆಗೆ ಅದು ಬಂದಿದ್ದು ಬೇರೆ ದಾರೀಲಿ. 80-90ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಚಿತ್ರ, ಆಮೇಲೆ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್, 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ ಕವರಿನ ರನ್ನುಗಳು. 2010ರ ನಂತರದ ಮಕ್ಕಳಿಗೆ ಟಾಪ್ಸ್ ಕಂಪನಿಯ ಐಪಿಎಲ್ ಕ್ರಿಕೆಟ್ ಅಟ್ಯಾಕ್ಸ್. ಹನೂರಿನ ಬಸ್‌ಸ್ಟ್ಯಾಂಡ್ ಅಂಗಡೀಲಿ ಬಿಡಿ ಪ್ಯಾಕೆಟ್ ಕೊಂಡು, ಶಾಲೆ ಜಗಲಿ ಮೇಲೆ ಅದಲುಬದಲು ಮಾಡಿಕೊಂಡ ಹುಡುಗ್ರು ಈಗ ಬೆಂಗಳೂರಲ್ಲಿ, ಮೈಸೂರಲ್ಲಿ ಕೆಲಸದಲ್ಲಿದ್ದಾರೆ. ಆಲ್ಬಮ್ಮಿನಲ್ಲಿ ಖಾಲಿ ಬಿದ್ದ ಜಾಗ ಈಗ ನೆನಪಾಗ್ತಿದೆ.

ನನ್ನದೂ ಅದೇ ಕಥೆ. ನನ್ನ ಸಂಗ್ರಹಕ್ಕೆ ಒಂದೇ ನಿಯಮ: ಕರ್ನಾಟಕದ ಆಟಗಾರರು ಮಾತ್ರ. ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ದೊಡ್ಡ ಗಣೇಶ್, ಆಮೇಲೆ ಉತ್ತಪ್ಪ, ವಿನಯ್ ಕುಮಾರ್, ಮನೀಶ್ ಪಾಂಡೆ, ರಾಹುಲ್, ಕರುಣ್ ನಾಯರ್. ಇದನ್ನ ಹೇಳೋದಕ್ಕೆ ಕಾರಣ ಇದೆ. ಆನ್‌ಲೈನ್‌ನಲ್ಲಿ ಕೊಳ್ಳೋಕೆ ಶುರು ಮಾಡುವ ಮುಂಚೆ ಬೇಲಿ ಹಾಕ್ಕೊಳ್ಳದಿದ್ರೆ ದುಡ್ಡು ನಿಲ್ಲಲ್ಲ. ಕೊಹ್ಲಿ ಕಾರ್ಡ್ ಎಲ್ರಿಗೂ ಬೇಕು, 2025ರ ಜೂನ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದ ಮೇಲಂತೂ ಕೇಳಲೇಬೇಡಿ. ಆದ್ರೆ ಸುನಿಲ್ ಜೋಶಿ ಕಾರ್ಡಿಗೆ ಲಂಡನ್ನಿನಲ್ಲಿ ಯಾರೂ ಹರಾಜಿನಲ್ಲಿ ಪೈಪೋಟಿ ಮಾಡಲ್ಲ. ನಮ್ಮ ಪ್ರೀತಿ ಕಡಿಮೆ ಬೆಲೆಗೆ ಸಿಗುವ ಅಪರೂಪದ ಸಂದರ್ಭ ಇದು!

ಮೊದಲು ಅಂಗಡಿ ಅಲ್ಲ, ಪಟ್ಟಿ

ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ಅಂತ ಒಂದು ತಾಣ ಇದೆ. ಸಂಗ್ರಾಹಕರೇ ಸೇರಿ ಕಟ್ಟಿದ್ದು, ನೋಡೋಕೆ ದುಡ್ಡು ಕೊಡಬೇಕಿಲ್ಲ. ಯಾವ ಕಂಪನಿ, ಯಾವ ವರ್ಷ, ಯಾವ ಸೆಟ್ಟಿನಲ್ಲಿ ಎಷ್ಟನೇ ನಂಬರಿನ ಕಾರ್ಡ್ ಯಾರದ್ದು ಅನ್ನೋದನ್ನ ಅಲ್ಲಿ ಹುಡುಕಬಹುದು. ಕ್ರಿಕೆಟ್ ವಿಭಾಗ ಬೇಸ್‌ಬಾಲ್‌ನಷ್ಟು ತುಂಬಿಲ್ಲ, ಆದ್ರೂ ಶುರು ಮಾಡೋಕೆ ಅದೇ ಜಾಗ. ಬೇಕಾದ ಕಾರ್ಡಿನ ಸೆಟ್ ಮತ್ತು ನಂಬರ್ ಬರೆದಿಟ್ಟುಕೊಂಡರೆ ಮಾರುವವನ ಹತ್ರ ಮಾತಾಡೋ ಧಾಟಿಯೇ ಬದಲಾಗುತ್ತೆ. 'ದ್ರಾವಿಡ್ ಹಳೇ ಕಾರ್ಡ್ ಇದ್ಯಾ?' ಅಂತ ಕೇಳುವವನಿಗೆ ಏನು ಬೇಕಾದ್ರೂ ಮಾರಬಹುದು.

ಪಟ್ಟಿ ಜೊತೆಗೆ ಸ್ವಲ್ಪ ಕ್ರಿಕೆಟ್ ಇತಿಹಾಸ ಗೊತ್ತಿರಬೇಕು. ಯಾರೋ '1996ರ ವಿಶ್ವಕಪ್ ಭಾರತ ತಂಡ, ರಾಹುಲ್ ದ್ರಾವಿಡ್, ಅಪರೂಪದ ಮೊದಲ ಕಾರ್ಡ್' ಅಂತ ಹಾಕಿದ್ದಾರೆ ಅಂದ್ಕೊಳ್ಳಿ. ಆ ವಿಶ್ವಕಪ್ ಮಾರ್ಚ್‌ನಲ್ಲೇ ಮುಗಿದಿತ್ತು. ಬೆಂಗಳೂರಿನ ಕ್ವಾರ್ಟರ್ ಫೈನಲ್‌ನಲ್ಲಿ ಪ್ರಸಾದ್ ಆಮಿರ್ ಸೊಹೈಲ್‌ನ ವಿಕೆಟ್ ಎಗರಿಸಿದ್ದು ಮಾರ್ಚ್ 9ರಂದು. ದ್ರಾವಿಡ್ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದ್ದು ಆಮೇಲೆ, ಏಪ್ರಿಲ್‌ನಲ್ಲಿ, ಸಿಂಗಪುರದಲ್ಲಿ. ಲಾರ್ಡ್ಸ್‌ನ 95 ರನ್ನು ಜೂನ್‌ನಲ್ಲಿ. ಹಾಗಾದ್ರೆ ಆ ತಂಡದ ಕಾರ್ಡ್ ಎಲ್ಲಿಂದ ಬಂತು? ಸಂಗ್ರಹಕಾರನಿಗೆ ಇರೋ ಅತ್ಯಂತ ಅಗ್ಗದ ಭೂತಗನ್ನಡಿ ಇದು. ನಕಲಿ ಮಾಡುವವರು ಮುದ್ರಣದಲ್ಲಿ ಹುಷಾರು, ದಿನಾಂಕದಲ್ಲಿ ಅಷ್ಟು ಹುಷಾರಿರಲ್ಲ.

ಈಬೇ: ಸರಕು ಅಲ್ಲೇ, ಲೆಕ್ಕ ಮಾತ್ರ ದೊಡ್ಡದು

ಹಳೆಯ ಕ್ರಿಕೆಟ್ ಕಾರ್ಡುಗಳ ದೊಡ್ಡ ರಾಶಿ ಇರೋದು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಮಾರಾಟಗಾರರ ಹತ್ರ. 90ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಫ್ಯೂಟೆರಾ ಕಂಪನಿ ಕ್ರಿಕೆಟ್ ಕಾರ್ಡ್ ಹೊರಡಿಸ್ತಿತ್ತು, ನಮ್ಮವರ ಕಾರ್ಡ್ ಹುಡುಕುವವರು ಆ ಹೆಸರನ್ನ ಬೇಗ ಕಲೀತಾರೆ. ಇವೆಲ್ಲ ಸಿಗೋದು ಈಬೇಯಲ್ಲಿ. ಭಾರತದ್ದೇ ಈಬೇ ತಾಣ ಇದ್ದಾಗ ರೂಪಾಯಿ ಲೆಕ್ಕದಲ್ಲಿ ಕೊಳ್ಳಬಹುದಿತ್ತು, ಅದು 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ವಿದೇಶದ ತಾಣದಿಂದಲೇ ತರಿಸಬೇಕು.

ಬೆಲೆ ಅಂದಾಜಿಗೆ ಈಬೇಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಕೊಳ್ಳದಿದ್ರೂ ಸರಿ. ಹುಡುಕಿದ ಮೇಲೆ ಫಿಲ್ಟರ್‌ನಲ್ಲಿ 'ಮಾರಾಟವಾದವು' ಅನ್ನೋ ಆಯ್ಕೆ ಒತ್ತಿ. ಕೇಳುವ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಐದು ಸಾವಿರಕ್ಕೆ ಕಾರ್ಡ್ ಇಟ್ಕೊಂಡು ವರ್ಷಗಟ್ಟಲೆ ಕಾಯುವವರು ಇದ್ದಾರೆ, ಅದೇ ಕಾರ್ಡ್ ಪಕ್ಕದಲ್ಲಿ ಐನೂರಕ್ಕೆ ಹೋಗಿರುತ್ತೆ. ಬೇರೆ ಎಲ್ಲಿ ಕೊಂಡರೂ ಇಲ್ಲಿ ಒಂದ್ಸಲ ಇಣುಕಿ ಹೋಗಿ.

ಕೊಳ್ಳುವಾಗಿನ ಲೆಕ್ಕ ಹೀಗೆ. ಒಂದು ಉದಾಹರಣೆ ತಗೊಳ್ಳೋಣ: ಕಾರ್ಡಿಗೆ 6 ಪೌಂಡ್, ಅಂಚೆಗೆ 12 ಪೌಂಡ್. ಅಂದ್ರೆ ಕಾರ್ಡಿನ ಎರಡರಷ್ಟು ದುಡ್ಡು ವಿಮಾನಕ್ಕೇ ಹೋಯ್ತು. ಅದರ ಮೇಲೆ ನಿಮ್ಮ ಬ್ಯಾಂಕ್ ವಿದೇಶಿ ಕರೆನ್ಸಿ ಶುಲ್ಕ ಹಾಕುತ್ತೆ. ಅಂದ ಹಾಗೆ, ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಆಗಿದೆಯಾ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ನೋಡ್ಕೊಳ್ಳಿ, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ಪಾರ್ಸಲ್ ಭಾರತಕ್ಕೆ ಬಂದಾಗ ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಬೀಳಬಹುದು, ಅದನ್ನ ಕೊಟ್ಟ ಮೇಲೇ ಪಾರ್ಸಲ್ ಕೈಗೆ. ಹಾಗಾಗಿ ಒಂಟಿ ಕಾರ್ಡ್ ತರಿಸೋದು ನನ್ನ ಪ್ರಕಾರ ದಂಡ. ಒಬ್ಬನೇ ಮಾರಾಟಗಾರನ ಹತ್ರ ಆರೇಳು ಕಾರ್ಡ್ ಆರಿಸಿ, ಒಂದೇ ಕವರಿನಲ್ಲಿ ಕಳಿಸ್ತೀರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಎಷ್ಟೋ ಸಲ ಇಡೀ ಸೆಟ್ಟೇ ಒಂದು ಸ್ಟಾರ್ ಕಾರ್ಡಿನ ಬೆಲೆಯ ಆಸುಪಾಸಿನಲ್ಲಿ ಸಿಕ್ಕಿಬಿಡುತ್ತೆ.

'ಗಿಫ್ಟ್ ಅಂತ ಬರೆದು ಕಳಿಸ್ತೀನಿ, ತೆರಿಗೆ ಇರಲ್ಲ' ಅನ್ನೋ ಮಾರಾಟಗಾರ ಸಿಕ್ಕರೆ ನಗುತ್ತಾ ಬೇಡ ಅನ್ನಿ. ವಿದೇಶದಿಂದ ಬರುವ ಉಡುಗೊರೆಗೆ ಇದ್ದ ಸುಂಕ ವಿನಾಯಿತಿಯನ್ನ 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಬಿಟ್ಟಿರೋದು ಜೀವರಕ್ಷಕ ಔಷಧಿ ಮತ್ತು ರಾಖಿಯನ್ನ. ದ್ರಾವಿಡ್ ಕಾರ್ಡನ್ನ ರಾಖಿ ಅಂತ ನಂಬಿಸೋಕಾಗಲ್ಲ! ಸುಳ್ಳು ಬೆಲೆ ಬರೆಸಿದ ಪಾರ್ಸಲ್ ಕಳೆದುಹೋದ್ರೆ ನಿಜವಾದ ಬೆಲೆಗೆ ಪರಿಹಾರ ಕೇಳೋಕೂ ಬಾಯಿರಲ್ಲ.

ಇಷ್ಟೆಲ್ಲಾ ಇದ್ರೂ ಈಬೇಯನ್ನ ನಾನು ಮೇಲೆ ಇಡೋದು ಒಂದೇ ಕಾರಣಕ್ಕೆ. ಬಂದ ವಸ್ತು ವಿವರಣೆಯಂತೆ ಇಲ್ಲದಿದ್ರೆ, ಅಥವಾ ಬರದೇ ಇದ್ರೆ, 30 ದಿನದೊಳಗೆ ದೂರು ಕೊಟ್ಟು ದುಡ್ಡು ವಾಪಸ್ ಕೇಳುವ ವ್ಯವಸ್ಥೆ ಇದೆ. ಆದ್ರೆ ಇದರಲ್ಲೊಂದು ತಿರುವು. ಅಮೆರಿಕದಲ್ಲಿರೋ ಚಿಕ್ಕಪ್ಪನ ಮನೆಗೆ ತರಿಸಿ, ಅವರು ಬೇರೆ ಪಾರ್ಸಲ್ ಮಾಡಿ ಕಳಿಸಿದರೆ, ಆ ಎರಡನೇ ಪ್ರಯಾಣಕ್ಕೆ ಈ ಖಾತರಿ ಅನ್ವಯಿಸಲ್ಲ. ಚಿಕ್ಕಪ್ಪನೇ ಊರಿಗೆ ಬರುವಾಗ ತರ್ತಾರೆ ಅಂದ್ರೆ, ಪಾರ್ಸಲ್ ಅವರ ಕೈ ಸೇರಿದ ದಿನವೇ ವಿಡಿಯೊ ಕಾಲ್‌ನಲ್ಲಿ ಬಿಚ್ಚಿಸಿ ನೋಡಿ. ಅವರು ಯುಗಾದಿಗೆ ಬರೋ ಹೊತ್ತಿಗೆ 30 ದಿನ ಮುಗಿದಿರುತ್ತೆ.

ದೇಶದೊಳಗಿನ ಅಂಗಡಿಗಳು

ಅಮೆಜಾನ್, ಫ್ಲಿಪ್‌ಕಾರ್ಟ್ ಬಗ್ಗೆ ಹೇಳೋದು ಕಡಿಮೆ. ಹೊಸ ಪ್ಯಾಕೆಟ್, ಆಲ್ಬಮ್, ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್ ಇವಕ್ಕೆ ಸರಿ. ಹಳೇ ಬಿಡಿ ಕಾರ್ಡಿಗೆ ಅಲ್ಲ. 'ಮಿಸ್ಟರಿ ಬಾಕ್ಸ್' ಅಂತ ಬರುವ ಪೆಟ್ಟಿಗೆಗಳ ಹತ್ರ ಹೋಗಬೇಡಿ. ಒಳ್ಳೆಯ ಕಾರ್ಡ್ ಇದ್ದಿದ್ರೆ ಅದನ್ನ ಬಿಡಿಯಾಗಿ ಮಾರಿಕೊಳ್ತಿದ್ರು, ಪೆಟ್ಟಿಗೆಯೊಳಗೆ ಯಾಕೆ ಮುಚ್ಚಿಡ್ತಾರೆ?

ಇಂಥ ದೊಡ್ಡ ತಾಣಗಳಲ್ಲಿ ಕೊಂಡಾಗ ಒಂದು ಅನುಕೂಲ ಇದೆ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ಅವರಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದ್ದನ್ನ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದ್ರೆ ತನ್ನ ಮನೆಯ ಹಳೇ ಕಾರ್ಡನ್ನ ಒಬ್ಬ ವ್ಯಕ್ತಿ ವೈಯಕ್ತಿಕವಾಗಿ ಮಾರಿದಾಗ, ಅದು ಅವನ ವ್ಯಾಪಾರ ಅಲ್ಲದಿದ್ರೆ, ಈ ನಿಯಮ ಅವನಿಗೆ ಅನ್ವಯಿಸಲ್ಲ. ಅಗ್ಗದ ಮಾಲು ಹೆಚ್ಚು ಸಿಗೋದು ಇಂಥವರ ಹತ್ರಾನೇ ಅನ್ನೋದು ಬೇರೆ ಮಾತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್

ನಿಜವಾದ ಖುಷಿ ಇರೋದು ಇಲ್ಲಿ, ದುಡ್ಡು ಕಳೆದುಹೋಗೋದೂ ಇಲ್ಲೇ. ಭಾರತದ ಸಂಗ್ರಾಹಕರ ಗುಂಪುಗಳಲ್ಲಿ ಅದಲುಬದಲು ನಡೆಯುತ್ತೆ. ನನ್ನ ಹತ್ರ ಇದ್ದ ಎರಡು ಧೋನಿ ಕಾರ್ಡ್ ಕೊಟ್ಟು ನಾಗಪುರದ ಒಬ್ಬರಿಂದ ವಿನಯ್ ಕುಮಾರ್, ಮಿಥುನ್, ಮನೀಶ್ ಪಾಂಡೆ ಮೂವರನ್ನೂ ತಗೊಂಡೆ. ಅವರಿಗೆ ತಾವೇ ಗೆದ್ದ ಸಂತೋಷ, ನನಗೆ ನಾನು ಗೆದ್ದ ಸಂತೋಷ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಪಾಂಡೆ ಅನ್ನೋದು 2009ರಿಂದಲೂ ಎಲ್ರಿಗೂ ಗೊತ್ತಿರೋ ವಿಷಯ. ಆದ್ರೂ ಅವರ ಕಾರ್ಡಿಗೆ ಧೋನಿ ಬೆಲೆ ಇಲ್ಲ. ನಮ್ಮಂಥವರಿಗೆ ಅದೇ ಲಾಭ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಒಂದು ಇನ್‌ಸ್ಟಾಗ್ರಾಂ ಪೇಜಿನಲ್ಲಿ ಸಚಿನ್ ಕಾರ್ಡಿಗೆ 4,500 ರೂಪಾಯಿ ಯುಪಿಐ ಮಾಡಿದ. ದುಡ್ಡು ಹೋದ ಹತ್ತು ನಿಮಿಷಕ್ಕೆ ಪೇಜ್ ಅವನನ್ನ ಬ್ಲಾಕ್ ಮಾಡಿತು. ಆ ಫೋಟೊ ಬೇರೆ ಯಾರದ್ದೋ ಹಳೇ ಹರಾಜಿನದ್ದು. ಫೋಟೊವನ್ನ ಗೂಗಲ್ ಲೆನ್ಸ್‌ಗೆ ಹಾಕಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗೋದು. ಇನ್ನೂ ಸುಲಭದ ದಾರಿ ಇದೆ: ಒಂದು ಚೀಟಿ ಮೇಲೆ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು, ಕಾರ್ಡ್ ಪಕ್ಕ ಇಟ್ಟು ಫೋಟೊ ಕಳಿಸಿ ಅನ್ನಿ. ಕಾರ್ಡ್ ನಿಜವಾಗಿಯೂ ಇದ್ದವರು ಬೇಜಾರು ಮಾಡ್ಕೊಳ್ಳಲ್ಲ. 'ನಂಬಿಕೆ ಇಲ್ವಾ ಬ್ರೋ?' ಅಂತ ಕೇಳಿದ್ರೆ ಅಲ್ಲಿಗೆ ಮಾತು ಮುಗಿಸಿ. ಹೋದ ಯುಪಿಐ ದುಡ್ಡು ಗುಂಡಿ ಒತ್ತಿದ್ರೆ ವಾಪಸ್ ಬರಲ್ಲ. ಮೋಸ ಆಯ್ತು ಅನ್ನಿಸಿದ ತಕ್ಷಣ, ನಾಚಿಕೊಂಡು ಕೂರದೆ, 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ಕೈತಪ್ಪುತ್ತೆ.

ಓಎಲ್ಎಕ್ಸ್‌ನಲ್ಲಿ ಬೆಂಗಳೂರು, ಮೈಸೂರಿನವರು ಸಿಕ್ಕರೆ ನೇರವಾಗಿ ಹೋಗಿ ನೋಡಿ ತಗೊಳ್ಳಿ. ನೀವೇ ಡಬಲ್ ಕಾರ್ಡ್ ಮಾರೋಕೆ ಹಾಕಿದಾಗ 'ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ' ಅನ್ನುವವರು ಬರ್ತಾರೆ. ದುಡ್ಡು ಪಡೆಯೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ಕಾರ್ಡ್

ಪಿಎಸ್ಎ ಅನ್ನೋ ಅಮೆರಿಕದ ಸಂಸ್ಥೆ ಕಾರ್ಡನ್ನ ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡುತ್ತೆ. ಮೇಲೆ ಒಂದು ನಂಬರ್ ಇರುತ್ತೆ, ಅವರ ತಾಣದಲ್ಲಿ ಹಾಕಿ ನೋಡಬಹುದು. ನಂಬರ್ ಸರಿ ಇದ್ದ ಮಾತ್ರಕ್ಕೆ ಕಾರ್ಡ್ ಸರಿ ಅಂತಲ್ಲ. ನಿಜವಾದ ನಂಬರನ್ನೇ ನಕಲಿ ಪೆಟ್ಟಿಗೆಗೆ ಅಂಟಿಸುವವರಿದ್ದಾರೆ. ತಾಣದಲ್ಲಿ ಫೋಟೊ ಇದ್ರೆ, ಅಂಚು ಮತ್ತು ಮೂಲೆಗಳನ್ನ ಹೋಲಿಸಿ. ನಮ್ಮ ಮಟ್ಟದ ಕಾರ್ಡುಗಳಿಗೆ ಇದು ಬೇಕಾ? 1952ರ ಮಿಕ್ಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡ್ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯ್ತು, ಅಲ್ಲಿ ಬೇಕು. ಐನೂರು ರೂಪಾಯಿಯ ಕುಂಬ್ಳೆಗೆ ಬೇಡ.

ಬಿಡಿ ಕಾರ್ಡನ್ನ ನಾವೇ ನೋಡೋಕೆ ಒಂದು ಚಿಕ್ಕ ಭೂತಗನ್ನಡಿ ಸಾಕು. ಹಳೇ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಜೋಡಿಸಿದ ಹಾಗೆ ಸಾಲಾಗಿ ಕಾಣುತ್ತವೆ. ಮನೆಯ ಪ್ರಿಂಟರಿನಲ್ಲಿ ತೆಗೆದದ್ದಾದ್ರೆ ಎರಚಿದ ಹಾಗೆ ಚದುರಿರುತ್ತವೆ. ಅದೇ ಸೆಟ್ಟಿನ ಖಾತ್ರಿ ಇರೋ ಇನ್ನೊಂದು ಕಾರ್ಡಿನ ಪಕ್ಕ ಇಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಬೆಳಕು ಎರಡರಲ್ಲೂ ಒಂದೇ ರೀತಿ ಹಾಯುತ್ತಾ ನೋಡಿ. ಅದಕ್ಕೇ ಪ್ರತಿ ಸೆಟ್ಟಿನದ್ದೂ ಒಂದು ಅಗ್ಗದ ಕಾರ್ಡ್ ಇಟ್ಟುಕೊಂಡಿರಬೇಕು, ಆಟಗಾರ ಯಾರಾದ್ರೂ ಆಗಲಿ.

ಡಿಜಿಟಲ್ ಕಾರ್ಡಿನ ಬಗ್ಗೆ ಓದುಗರು ಕೇಳಬಹುದು. 2021ರ ಸುಮಾರಿಗೆ ರಾರಿಯೊ, ಫ್ಯಾನ್‌ಕ್ರೇಜ್‌ನಂಥ ಕಂಪನಿಗಳು ಕ್ರಿಕೆಟ್ ಎನ್ಎಫ್‌ಟಿ ತಂದವು. 2022ರ ಏಪ್ರಿಲ್‌ನಿಂದ ಇಂಥವುಗಳ ಲಾಭದ ಮೇಲೆ ಶೇ 30 ತೆರಿಗೆ ಇದೆ, ಒಂದರ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋಕೂ ಆಗಲ್ಲ. ನನಗಂತೂ ಕೈಯಲ್ಲಿ ಹಿಡಿಯೋಕಾಗದ ಕಾರ್ಡ್ ಕಾರ್ಡೇ ಅಲ್ಲ.

ವಿಳಾಸ: ಶಾಗ್ಯ, ಹನೂರು ತಾಲ್ಲೂಕು

ಬೆಂಗಳೂರಿನ ಪಿಜಿ ವಿಳಾಸ ವರ್ಷಕ್ಕೊಮ್ಮೆ ಬದಲಾಗುತ್ತೆ, ಊರಿನ ವಿಳಾಸ ಬದಲಾಗಲ್ಲ. ಹಾಗಾಗಿ ತಿಂಗಳುಗಟ್ಟಲೆ ಹಿಡಿಯುವ ವಿದೇಶಿ ಪಾರ್ಸಲ್‌ಗಳಿಗೆ ನಾನು ಕೊಡೋದು ಶಾಗ್ಯದ ಮನೆ ವಿಳಾಸ. ಹಳೇ ತಾಣಗಳಲ್ಲಿ ಇನ್ನೂ ಕೊಳ್ಳೇಗಾಲ ತಾಲ್ಲೂಕು ಅಂತಾನೇ ತೋರಿಸುತ್ತೆ. ಹನೂರು ತಾಲ್ಲೂಕು ಅಂತ ಬರೆದು, ಪಿನ್‌ಕೋಡ್ ಮತ್ತು ಮನೆಯಲ್ಲಿ ಇರುವವರ ಫೋನ್ ನಂಬರ್ ಸರಿ ಹಾಕಿದ್ರೆ ಸಾಕು. ಖಾಸಗಿ ಕೊರಿಯರ್‌ನವರು ಒಮ್ಮೊಮ್ಮೆ 'ಹನೂರಿಗೆ ಬಂದು ತಗೊಂಡೋಗಿ' ಅಂತಾರೆ. ಅಂಚೆಯಣ್ಣ ಮನೆಗೇ ಬರ್ತಾರೆ. ದೇಶದೊಳಗಿನ ಅದಲುಬದಲಿಗೆ ಸ್ಪೀಡ್ ಪೋಸ್ಟೇ ನನ್ನ ಆಯ್ಕೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರ ಜೊತೆ ಸೇರಿಹೋಗಿದೆ. ವಿಳಾಸದಾರರ ಕೈಗೇ ಕೊಡಬೇಕು ಅಂದ್ರೆ ಕೌಂಟರಿನಲ್ಲಿ 'ರಿಜಿಸ್ಟ್ರೇಷನ್' ಸೇರಿಸಿ ಅನ್ನಬೇಕು.

ಮನೆಯವರಿಗೆ ಒಂದು ಮಾತು ಹೇಳಿಡಿ: ಕವರ್ ಬಿಚ್ಚಬೇಡಿ, ಬಿಚ್ಚಿದ್ರೆ ವಿಡಿಯೊ ಮಾಡ್ಕೊಂಡೇ ಬಿಚ್ಚಿ. ದೂರು ಕೊಡುವಾಗ ಸಾಕ್ಷಿ ಅದೇ. ನಮ್ಮವ್ವ ಮೊದಲ ಸಲ ಹಾಗೆ ಬಿಚ್ಚುವಾಗಿನ ವಿಡಿಯೊದಲ್ಲಿ ಅವಳ ದನಿ ಸ್ಪಷ್ಟವಾಗಿ ಕೇಳುತ್ತೆ: 'ಏನ್ಲಾ ಮಗ, ಈ ರಟ್ಟಿನ ಚೂರ್ಗೆ ಇಷ್ಟ್ ದುಡ್ಡಾ? ಒಂದ್ ಮೂಟೆ ರಾಗಿ ಬತ್ತಿತ್ತಲ್ಲಾ!' ಲೆಕ್ಕದಲ್ಲಿ ಅವಳೇ ಸರಿ. ಅದಕ್ಕೇ ತಿಂಗಳಿಗೆ ಒಂದು ಸಾವಿರ ಅಂತ ಮಿತಿ ಹಾಕ್ಕೊಂಡೆ. ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ ಕ್ರಿಕೆಟ್ ಕಾರ್ಡ್ ಕೊಳ್ಳುವವರನ್ನೂ ನೋಡಿದ್ದೀನಿ. ಇದನ್ನ ಹೂಡಿಕೆ ಅಂತ ಕರೆಯುವವರ ಮಾತು ಕೇಳಿ ಹಾಗೆ ಮಾಡಬೇಡಿ. ಸುನಿಲ್ ಜೋಶಿ ಕಾರ್ಡನ್ನ ತುರ್ತಿಗೆ ಮಾರೋಕೆ ಹೊರಟ್ರೆ ಕೊಳ್ಳುವವರು ಸಿಗೋದು ಯಾವಾಗಲೋ.

ಯಾವ ಆ್ಯಪ್‌ನಲ್ಲೂ ಇಲ್ಲದ ಮೂಲ

ಇಷ್ಟು ದಿನದಲ್ಲಿ ನನಗೆ ಅತಿ ಹೆಚ್ಚು ಕಾರ್ಡ್ ಸಿಕ್ಕಿದ್ದು ಈಬೇಯಲ್ಲಲ್ಲ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ. 'ನಿಮ್ಮ ಮನೆ ಅಟ್ಟದಲ್ಲಿ ಹಳೇ ಕ್ರಿಕೆಟ್ ಕಾರ್ಡ್, ಬಬಲ್ ಗಮ್ ಚಿತ್ರ, ಸ್ಪೋರ್ಟ್‌ಸ್ಟಾರ್ ಪೋಸ್ಟರ್ ಇದ್ರೆ ಎಸೀಬೇಡಿ' ಅಂತ ಹಾಕಿದ್ದೆ. ಬಂಡಳ್ಳಿಯಿಂದ ಒಬ್ಬ ಹಳೇ ಸಹಪಾಠಿ, ಯಳಂದೂರಿನಿಂದ ಒಬ್ಬ ಮೇಷ್ಟ್ರು, ಕೊಳ್ಳೇಗಾಲದಿಂದ ಇಬ್ಬರು ಫೋನ್ ಮಾಡಿದ್ರು. ಮೇಷ್ಟ್ರ ಹತ್ರ ಕಾರ್ಡ್ ಇರಲಿಲ್ಲ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಅವರ ಪತ್ರಿಕಾ ಚಿತ್ರಗಳನ್ನ ಕತ್ತರಿಸಿ ಅಂಟಿಸಿದ ನೋಟ್‌ಬುಕ್ ಇತ್ತು. ಆ ತಲೆಮಾರಿನವರ ಕಾರ್ಡಿಗಾಗಿ ನಾನು ಎಷ್ಟು ತಾಣ ಜಾಲಾಡಿದ್ದೆನೋ! 'ಸಾರ್, ಎಷ್ಟು ಕೊಡ್ಲಿ?' ಅಂದೆ. 'ದುಡ್ಡು ಯಾಕಪ್ಪ, ತಗೊಂಡೋಗಿ ನೋಡು, ಆಮೇಲೆ ತಂದ್ಕೊಡು' ಅಂದ್ರು.

ಇಂಥ ಕಡೆ ಕೊಳ್ಳುವಾಗ ನಾವು ನಡೆದುಕೊಳ್ಳೋದೂ ಮುಖ್ಯ. ಬಂಡಳ್ಳಿಯ ಗೆಳೆಯ ಒಂದು ಬಿಸ್ಕತ್ ಡಬ್ಬಿ ತುಂಬಾ ಕಾರ್ಡ್ ಕೊಟ್ಟು 'ಇನ್ನೂರು ಕೊಡು ಸಾಕು' ಅಂದ. ಒಳಗೆ ಒಂದು ಕಾರ್ಡಿಗೇ ಅದಕ್ಕಿಂತ ಹೆಚ್ಚು ಬೆಲೆ ಇತ್ತು. ಈಬೇಯ 'ಮಾರಾಟವಾದವು' ಪುಟ ತೆರೆದು ಅವನಿಗೇ ತೋರಿಸಿದೆ. ಒಂಬೈನೂರಕ್ಕೆ ಮಾತಾಯ್ತು, ಜೊತೆಗೆ ಸಚಿನ್ ಕಾರ್ಡ್ ಒಂದನ್ನ ಅವನ ಮಗಳಿಗೆ ಅಂತ ವಾಪಸ್ ಇಟ್ಕೊಂಡ. ಒಂದೇ ಊರಿನ ಕಡೆಯವರು, ನಾಳೆ ಮಾದಪ್ಪನ ಜಾತ್ರೇಲಿ ಮುಖ ನೋಡಬೇಕು.

ಸಿಕ್ಕಿದ ಕಾರ್ಡ್‌ಗಳಲ್ಲಿ ಅರ್ಧಕ್ಕೆ ಮೂಲೆ ಮಡಿಸಿದೆ, ಕೆಲವಕ್ಕೆ ಗೆದ್ದಲು ಹಿಡಿದಿದೆ, ಒಂದರ ಹಿಂದೆ ಯಾರೋ ಪೆನ್ನಿನಲ್ಲಿ ಏಳನೇ ಕ್ಲಾಸ್ 'ಬಿ' ಸೆಕ್ಷನ್ ಅಂತ ಬರೆದಿದ್ದಾರೆ. ಅಂಗಡಿ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಅದನ್ನ ಮಾರೋದಿಲ್ಲ, ಬೇರೆ ಕವರಿನಲ್ಲಿ ಇಟ್ಟಿದ್ದೀನಿ.

ನನ್ನ ಪಟ್ಟಿಯಲ್ಲಿ ಈಗ ಉಳಿದಿರೋದು ದೊಡ್ಡ ಗಣೇಶ್, ವಿಜಯ್ ಭಾರದ್ವಾಜ್, ಡೇವಿಡ್ ಜಾನ್ಸನ್. ಆಡಿದ ಟೆಸ್ಟುಗಳೇ ಕಡಿಮೆ, ಕಾರ್ಡ್ ಇನ್ನೂ ಕಡಿಮೆ. ಓದುಗರ ಮನೆ ಅಟ್ಟದಲ್ಲಿ ಈ ಮೂವರಲ್ಲಿ ಯಾರಾದ್ರೂ ಇದ್ರೆ ತಿಳಿಸಿ. ಅದಲುಬದಲಿಗೆ ನನ್ನ ಹತ್ರ ಇನ್ನೂ ಒಂದು ಧೋನಿ ಇದೆ.